ಹನ್ನೊಂದು ಸೆಕೆಂಡು

ಕಿವಿಯ ಹಿಂದಿನಿಂದ ಹೊರಟ ಬೆವರಿನ ಹನಿ ಕತ್ತಿನ ಮಡಿಕೆಯಲ್ಲಿ ಒಂದು ಗಳಿಗೆ ನಿಂತು, ದಾರಿ ಕೇಳಿಕೊಂಡವರ ಹಾಗೆ ಬೆನ್ನಿಗಿಳಿಯಿತು, ಇಳಿಯಲಿ, ಒರೆಸಿಕೊಳ್ಳುವ ಹಾಗಿಲ್ಲ, ಒರೆಸಿದರೆ ಮೊಣಕೈ ಚೌಕಟ್ಟಿನೊಳಗೆ ಬರುತ್ತದೆ, ಫ್ಯಾನು ಹಾಕುವ ಹಾಗಿಲ್ಲ, ಹಾಕಿದರೆ ಅದರ ಗುರುಗುರು ಮೈಕಿಗೆ ಬರುತ್ತದೆ, ಬಾಗಿಲು ತೆರೆಯುವ ಹಾಗಂತೂ ಇಲ್ಲವೇ ಇಲ್ಲ, ತೆರೆದರೆ ಅತ್ತೆಯ ಕೆಮ್ಮು, ಬೀದಿಯ ಹಾರನ್ನು, ಮೇಲಿನ ಮನೆಯವರ ಕುರ್ಚಿ ಎಳೆದಾಟ, ಲೋಕವೆಲ್ಲ ಒಳಗೆ ಬಂದು ಕೂರುತ್ತದೆ – ಬಟ್ಟೆ ಇಡುವ ಕೋಣೆ ಇದು, ಕೋಣೆ ಅನ್ನುವುದೂ ದೊಡ್ಡ ಮಾತೇ, ಆರಡಿ ಉದ್ದ ನಾಲ್ಕಡಿ ಅಗಲ, ದನಿ ಗುಂಯ್ಗುಡದಿರಲಿ ಎಂದು ಎರಡು ಗೋಡೆಗೆ ಹಳೆಯ ಹಾಸಿಗೆ ಒರಗಿಸಿದೆ, ಮೂರನೆಯದಕ್ಕೆ ಗಂಡನ ಶರ್ಟುಗಳೇ ಹಾಸಿಗೆ, ಎದುರಿಗೆ ಉಂಗುರದಂಥ ದೀಪ, ದೀಪದ ನಡುವೆ ಫೋನು, ಫೋನಿನೊಳಗೆ ಅವಳು. ಬಟ್ಟೆ ಕೋಣೇಲಿ ಕೂತು ಊರ ಮಕ್ಕಳಿಗೆಲ್ಲ ಪಾಠ ಹೇಳ್ತಾಳೆ ನಮ್ಮ ಸೊಸೆ, ಮನೇಲಿ ಇಸ್ತ್ರಿಪೆಟ್ಟಿಗೆ ಕೆಟ್ಟು ಮೂರು ವಾರ ಆಯ್ತು ಅಂತ ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ, ಹೇಳುವಾಗ ನಗುತ್ತಾರೆ, ಜಂಬವೂ ಇದೆ ಆ ನಗೆಯಲ್ಲಿ. ಸರಿ, ಮತ್ತೊಮ್ಮೆ, ಏಳನೆಯ ಸಲ. ಮಕ್ಕಳೇ, ಕಂಪ್ಯೂಟರಿಗೆ ಎರಡು ಥರದ ನೆನಪು, ಒಂದು ಕರೆಂಟು ಹೋದ ತಕ್ಷಣ ಎಲ್ಲ ಮರೆಯೋದು, ಇನ್ನೊಂದು ಕರೆಂಟು ಹೋದರೂ – ಇಲ್ಲೇ ನಾಲಿಗೆ ನಿಲ್ಲುತ್ತದೆ, ಆರು ಸಲವೂ ಇಲ್ಲೇ, ಕರೆಂಟು ಎನ್ನುವ ಶಬ್ದ ಬಾಯಿಗೆ ಬಂದ ಕೂಡಲೇ ಆ ಎರಡು ಬೆರಳು ಬಂದು ಕಣ್ಣೆದುರು ನಿಲ್ಲುತ್ತವೆ.

ತೋರುಬೆರಳು, ನಡುಬೆರಳು. ಉಗುರಿಗೆ ಹಚ್ಚಿದ್ದ ನೀಲಿ ಬಣ್ಣ ಅರ್ಧ ಉದುರಿದೆ, ತುದಿ ಬೆಳ್ಳಗೆ ಉಬ್ಬಿದೆ, ಉಬ್ಬಿನ ನಡುವೆ ಸಾಸಿವೆಯಷ್ಟು ಕಪ್ಪು. ಗುರುವಾರ ಸಂಜೆ ಬಂದ ಫೋಟೋ. ಅದರ ಕೆಳಗೆ ಹುಡುಗಿ ಬರೆದದ್ದು ಅವಳಿಗೆ ಬಾಯಿಪಾಠವಾಗಿ ಹೋಗಿದೆ – ಅಕ್ಕಾ, ನಾನು ಒಂಬತ್ತನೇ ಕ್ಲಾಸು, ನಿಮ್ಮ ಒಂದು ವೀಡಿಯೋನೂ ಬಿಟ್ಟಿಲ್ಲ, ಸ್ಪೀಕರ್ ಬಿಚ್ಚೋ ವೀಡಿಯೋ ಹನ್ನೆರಡು ಸಲ ನೋಡಿ ಆಮೇಲೇ ಮಾಡಿದ್ದು, ನಾಲ್ಕೂ ಸ್ಕ್ರೂ ಸರಿಯಾಗಿ ಬಿಚ್ಚಿದೆ, ನೀವು ಬೆರಳಿಟ್ಟ ಜಾಗದಲ್ಲೇ ಬೆರಳಿಟ್ಟೆ, ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ, ಅಮ್ಮಂಗೆ ಒಲೆ ತಾಗಿತು ಅಂದಿದೀನಿ, ಶನಿವಾರ ಅಮ್ಮ ಎರಡು ಗಂಟೆಗೆ ಕೆಲಸಕ್ಕೆ ಹೋಗ್ತಾಳೆ, ಆಗ ಎಡಗೈಲಿ ಇನ್ನೊಂದು ಸಲ ಮಾಡ್ತೀನಿ, ಅಷ್ಟರಲ್ಲಿ ನನ್ನ ತಪ್ಪು ಏನು ಅಂತ ಹೇಳಿ ಪ್ಲೀಸ್. ಬೈಗುಳವಿದ್ದಿದ್ದರೆ ಎಷ್ಟೋ ವಾಸಿಯಿತ್ತು. ನೀನೊಬ್ಬಳು ಟೀಚರಾ, ನಿನ್ನ ಮನೆ ಹಾಳಾಗ ಅಂದಿದ್ದರೆ ತಲೆ ತಗ್ಗಿಸಬಹುದಿತ್ತು, ಇವಳು ನೋಡಿದರೆ ಲೆಕ್ಕ ತಪ್ಪಿದ ವಿದ್ಯಾರ್ಥಿನಿಯ ಹಾಗೆ ಕೈ ಮುಂದೆ ಚಾಚಿಕೊಂಡು ನಿಂತಿದ್ದಾಳೆ. ಇವತ್ತು ಶನಿವಾರ. ಫೋನಿನ ಮೂಲೆಯಲ್ಲಿ ಒಂದು ಗಂಟೆ ಇಪ್ಪತ್ತೆರಡು ನಿಮಿಷ.

ಅತ್ತಿಗೆ, ಆಯ್ತಾ? ಬಾಗಿಲಾಚೆ ನಾದಿನಿ. ಇನ್ನೊಂದು ಸಲ ಕಣೇ. ಏನತ್ತಿಗೆ, ಇವತ್ತು ಏನಾಗಿದೆ ನಿಮಗೆ – ಏನಾಗಿದೆ ಎಂದು ಅವಳಿಗೆ ಗೊತ್ತಿಲ್ಲವೇ, ನಿನ್ನೆ ಫೋಟೋ ನೋಡಿ ಮುಖ ಸುಣ್ಣವಾಗಿತ್ತು, ಅತ್ತಿಗೆ ನಾನಾ ಮಾಡಿದ್ದು ಇದು, ನಾನಾ? ಅಂದಿದ್ದಳು, ಇವಳು ಯಾರೂ ಮಾಡಿಲ್ಲ ಸುಮ್ಮನಿರು ಅಂದಳು, ಯಾರೂ ಮಾಡಿಲ್ಲವಂತೆ, ಬೆರಳು ತಾವಾಗಿಯೇ ಸುಟ್ಟುಕೊಂಡವೋ. ನಾದಿನಿಯ ಕೆಲಸ ಉಸಿರು ಕತ್ತರಿಸುವುದು. ಮೊದಮೊದಲು ಕೈಯಲ್ಲೇ, ಕಂಪ್ಯೂಟರಿನ ಪರದೆಯ ಮೇಲೆ ದನಿ ಗೆರೆಗೆರೆಯಾಗಿ ಕಾಣುತ್ತದೆ, ಮಾತಿದ್ದಲ್ಲಿ ಗುಡ್ಡ, ಉಸಿರಿದ್ದಲ್ಲಿ ದಿಬ್ಬ, ಏನೂ ಇಲ್ಲದಲ್ಲಿ ಬಯಲು, ದಿಬ್ಬವನ್ನೂ ಬಯಲನ್ನೂ ಕಿತ್ತು ಗುಡ್ಡಕ್ಕೆ ಗುಡ್ಡ ಹೊಲಿಯಬೇಕು, ಇಲ್ಲದಿದ್ದರೆ ಪಾಠ ಅರವತ್ತು ಸೆಕೆಂಡಿನಲ್ಲಿ ಹಿಡಿಸುವುದಿಲ್ಲ, ಮಕ್ಕಳು ಅರೆಕ್ಷಣ ಬಿಡುವು ಸಿಕ್ಕರೂ ಬೆರಳಾಡಿಸಿ ಮುಂದಕ್ಕೆ ಹೋಗಿಬಿಡುತ್ತವೆ. ಅತ್ತಿಗೆ, ಈ ಪಾಠದಲ್ಲಿ ಮೂವತ್ತೊಂದು ಉಸಿರು, ದಮ್ಮಿನ ಕಾಯಿಲೆಯವರ ಹಾಗೆ, ಸ್ವಲ್ಪ ಕಮ್ಮಿ ಉಸಿರಾಡಬಾರದಾ, ನನಗೂ ಸಂಸಾರ ಇದೆ ಅಂತ ಛೇಡಿಸುತ್ತಿದ್ದಳು. ವೀಡಿಯೋದ ಕೆಳಗೆ ಹುಡುಗರೂ ಬರೆಯುತ್ತಿದ್ದರು, ವೈರು ಬಿಚ್ಚಿ ತೋರಿಸುವ ಅಕ್ಕನಿಗೆ ಅವರಿಟ್ಟ ಹೆಸರು ವೈರಕ್ಕ, ವೈರಕ್ಕಾ ನೀವು ಮೂಗಿನಲ್ಲಿ ಉಸಿರಾಡ್ತೀರೋ ಬೆನ್ನಲ್ಲೋ, ವೈರಕ್ಕ ರೋಬೋಟು, ಚಾರ್ಜಿಗೆ ಹಾಕಿ ಮಲಗ್ತಾರೆ. ಓದಿ ಓದಿ ನಕ್ಕಿದ್ದರು ಇಬ್ಬರೂ. ಆಮೇಲೆ ಈ ಪಾಠಗಳನ್ನು ಮಾಡಿಸುವ ಕಂಪನಿಯವರು ಒಂದು ಹೊಸ ಸಾಫ್ಟ್‌ವೇರ್ ಕೊಟ್ಟರು, ಒಂದೇ ಗುಂಡಿ, ಒತ್ತಿದರೆ ದನಿಯಿಲ್ಲದ್ದೆಲ್ಲ ತಾನಾಗಿ ಮಾಯ, ನಾಲ್ಕು ಗಂಟೆಯ ಕೆಲಸ ನಾಲ್ಕು ನಿಮಿಷಕ್ಕೆ, ನಾದಿನಿ ಕುರ್ಚಿಯಿಂದ ಎದ್ದು ಕುಣಿದಿದ್ದಳು, ಯಂತ್ರಕ್ಕೆ ಕಿವಿಯೊಂದೇ, ಕಣ್ಣಿಲ್ಲ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಅಪ್ಪ ಪಾಠ ಮಾಡುತ್ತಿದ್ದದ್ದೇ ದನಿಯಿಲ್ಲದೆ. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ರೇಡಿಯೋ ರಿಪೇರಿ ಅಂಗಡಿ, ಬಾಯಿಯಲ್ಲಿ ಸದಾ ಸ್ಕ್ರೂ ಕಚ್ಚಿಕೊಂಡಿರುತ್ತಿದ್ದ, ಮಾತಾಡಿದರೆ ಉದುರುತ್ತವೆ, ಅದಕ್ಕೆ ಎಲ್ಲವೂ ಕೈಯಲ್ಲೇ, ಪ್ಲಗ್ಗು ಕಿತ್ತು ತಂದು ಮೇಜಿನ ಮೇಲೆ ತನ್ನ ಕಣ್ಣೆದುರಿಗೇ ಇಟ್ಟು ಎರಡು ಸಲ ತಟ್ಟಿ, ಆಮೇಲೆ ಮೊಣಕಾಲ ಮೇಲೆ ಬೆರಳಾಡಿಸಿ ಹತ್ತು ಎಣಿಸುತ್ತಿದ್ದ, ಒಳಗೆ ಉಳಿದ ಕರೆಂಟು ಇಳಿಯಲಿ ಎಂದು, ಹತ್ತಾದ ಮೇಲೇ ಸ್ಕ್ರೂಡ್ರೈವರಿಗೆ ಕೈ. ಒಂದೇ ಸಲ ಸ್ಕ್ರೂ ಉಗಿದು ಹೇಳಿದ್ದ, ಮಗಾ, ಬಾಯಲ್ಲಿ ಹೇಳಿದ್ದನ್ನ ಕಿವಿ ಮರೆಯುತ್ತೆ, ಮಾಡಿದ್ದನ್ನ ಕೈ ಮರೆಯಲ್ಲ. ಕಾಲೇಜಿನ ಮುಖ ನೋಡದ ಇವಳು ಕಲಿತದ್ದೆಲ್ಲ ಆ ಸಂದಿಯಲ್ಲೇ, ಮಿಕ್ಕದ್ದು ರದ್ದಿ ಅಂಗಡಿಯ ಪುಸ್ತಕದಲ್ಲಿ, ಸುಟ್ಟು ಕರಕಲಾದ ಮದರ್‌ಬೋರ್ಡುಗಳಲ್ಲಿ. ಹುಡುಗಿ ನೋಡಿದ ಆ ವೀಡಿಯೋದಲ್ಲೂ ಹಾಗೇ ಮಾಡಿದ್ದಳು, ಕಂಪ್ಯೂಟರ್ ಪಕ್ಕದ ಹಳೆಯ ಸ್ಪೀಕರು, ಹಾಡು ಹಾಕಿ ತೋರಿಸಿದಳು, ಹಾಡು ನಿಲ್ಲಿಸಿದಳು, ಪ್ಲಗ್ಗು ಕಿತ್ತಳು, ಕ್ಯಾಮೆರಾದೆದುರು ಇಟ್ಟಳು, ತಟ್ಟಿದಳು, ಎಣಿಸಿದಳು, ಹನ್ನೊಂದು ಸೆಕೆಂಡು ಆಯಿತು, ತುಟಿ ಬಿಚ್ಚಲಿಲ್ಲ, ಬಿಚ್ಚುವುದು ಅಭ್ಯಾಸವೇ ಇಲ್ಲ – ಗುಂಡಿ ಒತ್ತಿದಾಗ ಬಯಲು ಹೋಯಿತು, ಹಾಡಿಗೆ ನೇರ ನಾಲ್ಕು ಸ್ಕ್ರೂ ಬಿಚ್ಚಿ ಅನ್ನುವ ಮಾತು ಬಂದು ಹೊಲಿಗೆ ಬಿತ್ತು. ಹಾಡುವ ಸ್ಪೀಕರು, ಬಿಚ್ಚಿದ ಸ್ಪೀಕರು, ಮಕ್ಕಳೇ ಗೋಡೆಯಿಂದ ಬರೋ ಎರಡು ತಂತಿ ಇಲ್ಲಿ ಈ ಟ್ರಾನ್ಸ್‌ಫಾರ್ಮರಿಗೆ ಸೇರುತ್ತೆ, ಬೆರಳಿಟ್ಟು ತೋರಿಸ್ತೀನಿ ನೋಡಿ, ಇಲ್ಲಿ, ಇಲ್ಲಿ. ಎರಡು ಬೆರಳು, ಎರಡು ತಂತಿಯ ತುದಿ.

ಹಾಕುವ ಮುಂಚೆ ಇವಳೇ ಮೂರು ಸಲ ನೋಡಿದ್ದಳಲ್ಲ! ತಪ್ಪನ್ನು ನಾದಿನಿಯ ಮೇಲೂ ಹಾಕುವಂತಿಲ್ಲ, ಯಂತ್ರದ ಮೇಲೂ ಹಾಕುವಂತಿಲ್ಲ, ಮೂರು ಸಲ ನೋಡಿ ಭಲೇ, ಎಷ್ಟು ಚುರುಕಾಗಿದೆಯೇ ಅಂತ ಬೆನ್ನು ತಟ್ಟಿದ್ದಳು, ಪ್ಲಗ್ಗು ಇಲ್ಲವೆಂದು ಕಣ್ಣಿಗೆ ಕಾಣಲಿಲ್ಲ, ಯಾಕೆಂದರೆ ಕೈಗೆ ಕಿತ್ತ ನೆನಪಿತ್ತು, ಕೈಗೆ ನೆನಪಿದ್ದದ್ದನ್ನು ಕಣ್ಣು ಯಾಕೆ ಹುಡುಕೀತು. ನೋಡಿದವರಿಗೆ ಆ ಕೈ ಇಲ್ಲವಲ್ಲ. ಎರಡು ಲಕ್ಷದ ಎಪ್ಪತ್ತು ಸಾವಿರ ಸಲ ನೋಡಿದ್ದಾರೆ, ನಿನ್ನೆಗಿಂತ ಒಂಬತ್ತು ಸಾವಿರ ಹೆಚ್ಚು, ಈಗ ಯಾವ ಮನೆಯಲ್ಲಿ, ಯಾವ ಮೇಜಿನ ಮೇಲೆ, ಯಾರ ಬೆರಳು – ನಿನ್ನೆ ಕಂಪನಿಯ ಮ್ಯಾನೇಜರಿಗೆ ಫೋನು ಮಾಡಿ ತೆಗೀರಿ ಸರ್ ಅದನ್ನ ಅಂದಳು, ತೆಗೆಯುವ ಬೀಗದ ಕೈ ಅವರ ಹತ್ತಿರವೇ ಇರುವುದು, ಅವರು ನೊಂದುಕೊಂಡ ದನಿಯಲ್ಲಿ, ಎಷ್ಟು ಮೆತ್ತಗೆ, ಮೇಡಂ, ನಿಮ್ಮ ಹಾಗೇ ನನಗೂ ಮಕ್ಕಳಿವೆ, ಆದರೆ ಆ ವೀಡಿಯೋ ನೋಡಿಯೇ ಶಾಲೆಗಳು ನಮ್ಮ ಜೊತೆ ಸೇರ್ತಿರೋದು, ಕೆಳಗಡೆ ಎಚ್ಚರಿಕೆ ಇರಲಿ ಅಂತ ಒಂದು ಸಾಲು ಹಾಕಿಸ್ತೀನಿ, ನೀವು ಮಾತ್ರ ಆ ಹುಡುಗಿಗೆ ಒಂದಕ್ಷರ ಬರೀಬೇಡಿ, ತಪ್ಪು ನಮ್ಮದು ಅಂತ ಬರೆದರೆ ಅದು ದಾಖಲೆ, ಆಮೇಲೆ ವೈರಕ್ಕನೂ ಇರಲ್ಲ ಏನೂ ಇರಲ್ಲ, ಸುಮ್ನಿದ್ದುಬಿಡಿ. ಸುಮ್ಮನಿರುವುದು! ಸುಮ್ಮನಿದ್ದದ್ದಕ್ಕೇ ತಾನೇ ಆದದ್ದು. ವೈರಕ್ಕ ಎಂಬ ಹೆಸರೂ ಅವರದೇ ಈಗ, ಸಹಿ ಹಾಕಿಸಿಕೊಂಡಿದ್ದಾರೆ, ಹುಡುಗರು ಪ್ರೀತಿಯಿಂದ ಇಟ್ಟ ಹೆಸರನ್ನು ಅವಳು ಬೇರೆಲ್ಲೂ ಇಟ್ಟುಕೊಳ್ಳುವಂತಿಲ್ಲ, ಆ ಹೆಸರಿಗೆ ಬರುವ ಪತ್ರವೆಲ್ಲ ಅವರೂ ಓದುತ್ತಾರೆ, ಹುಡುಗಿಗೆ ಬರೆಯಲು ಅದೊಂದೇ ದಾರಿ, ಆ ದಾರಿಯ ಬಾಗಿಲಲ್ಲಿ ಮ್ಯಾನೇಜರು ಕೂತಿದ್ದಾರೆ. ಈ ಕೋಣೆ ಬಿಟ್ಟರೆ ಮತ್ತೆಲ್ಲಿಗೆ, ಮತ್ತೆ ಮೊದಲು ಕೆಲಸಕ್ಕಿದ್ದ ಆ ಮೊಬೈಲ್ ಅಂಗಡಿಯ ಕೌಂಟರಿಗೆ, ಫೋನಿನ ಗಾಜು ಒಡೆದುಕೊಂಡು ಬಂದವರ ಸಾಲಿಗೆ, ನಾದಿನಿ ಮತ್ತೆಲ್ಲಿಗೆ. ಗುರುವಾರ ಸುಮ್ಮನಿದ್ದಳು, ಶುಕ್ರವಾರ ಸುಮ್ಮನಿದ್ದಳು. ಬರೆದಳು, ಅಳಿಸಿದಳು. ಎಚ್ಚರಿಕೆ ಮಗಳೇ ಎಂದು ಬರೆದಳು, ಏನು ಎಚ್ಚರಿಕೆ, ಯಾವುದರಿಂದ, ಅಳಿಸಿದಳು. ಗಂಟೆ ಒಂದು ನಲವತ್ತೊಂದು.

ಅತ್ತಿಗೆ, ಐದು ಗಂಟೆಗೆ ಕಳಿಸಬೇಕಂತೆ, ಮ್ಯಾನೇಜರು ಎರಡು ಸಲ ಕೇಳಿದ್ರು. ಕಳಿಸೋಣ. ಅವಳು ಸರಿಯಾಗಿ ಕೂತಳು, ದೀಪ ಮುಖಕ್ಕೆ, ಮಕ್ಕಳೇ ಕಂಪ್ಯೂಟರಿಗೆ ಎರಡು ಥರದ ನೆನಪು, ಒಂದು ಕರೆಂಟು ಹೋದ ತಕ್ಷಣ – ಆ ಮನೆಯಲ್ಲಿ ತಾಯಿ ಈಗ ಚಪ್ಪಲಿ ಮೆಟ್ಟುತ್ತಿರಬಹುದು, ಒಲೆ ಹತ್ತಿರ ಹೋಗಬೇಡ, ಕೈ ನೀರಿಗೆ ಹಾಕಬೇಡ ಅನ್ನುತ್ತಿರಬಹುದು, ಪಾಪ, ಒಲೆಯನ್ನು ಬೈಯುತ್ತಿರಬಹುದು, ಹುಡುಗಿ ಹೂಂ ಅನ್ನುತ್ತಾ ಮಂಚದ ಕೆಳಗಿನ ಸ್ಪೀಕರು ನೋಡುತ್ತಿರಬಹುದು, ಈ ಸಲ ಎಡಗೈ, ಎರಡು ಬೆರಳು, ಎಡಗೈ ಎದೆಗೆ ಹತ್ತಿರ ಅಂತ ಅಪ್ಪ ತನ್ನ ಎದೆ ಮುಟ್ಟಿ ತೋರಿಸಿ – ಫೋನನ್ನು ದೀಪದ ನಡುವಿನಿಂದ ಕಿತ್ತಳು, ಕಿತ್ತ ರಭಸಕ್ಕೆ ದೀಪದ ಕಾಲು ಮಗುಚಿತು, ಏನಾಯ್ತು ಅತ್ತಿಗೆ, ಏನಿಲ್ಲ, ಬರೆದಳು, ಬೆವರಿನ ಬೆರಳಿಗೆ ಅಕ್ಷರ ಜಾರುತ್ತಿದ್ದವು, ಮುಟ್ಟಬೇಡ, ಸ್ಪೀಕರು ಮುಟ್ಟಬೇಡ, ತಪ್ಪು ನಿನ್ನದಲ್ಲ ಮಗಳೇ, ತಪ್ಪು ನನ್ನದು, ನಾನು ಬಿಚ್ಚುವ ಮುಂಚೆ ಪ್ಲಗ್ಗು ಕಿತ್ತಿಟ್ಟು ಹತ್ತು ಎಣಿಸಿದ್ದೆ, ಮಾತಿಲ್ಲದ್ದಕ್ಕೆ ಅದು ವೀಡಿಯೋದಲ್ಲಿ ಕತ್ತರಿಸಿ ಹೋಗಿದೆ, ನಿನಗೆ ಕಾಣಿಸುವ ದಾರಿಯೇ ಇರಲಿಲ್ಲ, ಅಮ್ಮನಿಗೆ ನಿಜ ಹೇಳು, ಈಗಲೇ ಹೇಳು, ಇದನ್ನ ತೋರಿಸು, ಡಾಕ್ಟರ ಹತ್ತಿರ ಹೋಗು, ಮುಟ್ಟಬೇಡ. ಕಳಿಸಿದಳು. ಮ್ಯಾನೇಜರು ಓದಿಕೊಳ್ಳಲಿ. ನಾಳೆಯಿಂದ ಏನೋ ಎಂತೋ, ಒಂದು ಐವತ್ತಮೂರು, ಒಂದು ಐವತ್ತೈದು, ನೋಡಿಲ್ಲ, ಇನ್ನೂ ನೋಡಿಲ್ಲ, ಅಯ್ಯೋ ನೋಡೇ ತಾಯಿ, ಐವತ್ತೆಂಟು, ನೋಡಿದಳು. ಬರೆಯುತ್ತಿದ್ದಾಳೆ. ನಿಂತಿತು. ಮತ್ತೆ ಬರೆಯುತ್ತಿದ್ದಾಳೆ, ಇಷ್ಟು ತಡವೇಕೆ, ಎಡಗೈಯಲ್ಲಲ್ಲವೇ ಬರೆಯಬೇಕು ಪಾಪ, ಬರೆಯಲಿ, ಏನು ಬೇಕಾದರೂ ಬರೆಯಲಿ, ಬಾಗಿಲಾಚೆ ನಾದಿನಿಯ ಫೋನು ಹೊಡೆದುಕೊಳ್ಳತೊಡಗಿತು, ಅತ್ತಿಗೆ ಮ್ಯಾನೇಜರು, ಅತ್ತಿಗೆ ಏನು ಬರೆದ್ರಿ ನೀವು, ಅತ್ತಿಗೆ – ಕೈಯೊಳಗೆ ಪರದೆ ಬೆಳಗಿತು, ಮುಟ್ಟಲ್ಲ ಅಕ್ಕಾ, ಅಮ್ಮ ಇನ್ನೂ ಬಾಗಿಲಲ್ಲೇ ಇದಾಳೆ, ಕರೀತೀನಿ, ಅದರ ಕೆಳಗೆ ಇನ್ನೊಂದು ಸಾಲು, ಹಾಗಾದ್ರೆ ನಾನು ಎಲ್ಲಾನೂ ಸರಿಯಾಗೇ ಮಾಡಿದ್ದೆ ಅಲ್ವಾ ಅಕ್ಕಾ, ನೀವು ತೋರಿಸಿದ ಹಾಗೇ, ಒಂದೂ ತಪ್ಪಿಲ್ಲದೆ – ಹೌದು ಮಗಳೇ, ಒಂದೂ ತಪ್ಪಿಲ್ಲದೆ, ಇಲ್ಲಿ, ಇಲ್ಲಿ, ನೀಲಿ ಉಗುರು, ತುದಿಯಲ್ಲಿ ಸಾಸಿವೆಯಷ್ಟು ಕಪ್ಪು, ತೋರುಬೆರಳು, ನಡುಬೆರಳು, ತೋರುಬೆರಳು, ನಡುಬೆರಳು