ಲುಂಬಿನಿ ತಂದೆ ಅಂಬಾರಾಯ

ಎರಡು ವರ್ಷದ ಹಿಂದೆ ನಮ್ಮ ಸೇಡಂನ ಸ್ನಾತಕೋತ್ತರ ಕೇಂದ್ರಕ್ಕೆ ಹೊರದೇಶದ ಓದಿನ ವಿಭಾಗ ಬಂತು. ಬಂತು ಎಂದರೆ ಒಂದು ಬೋರ್ಡು, ಒಂದು ಕಂಪ್ಯೂಟರು ಮತ್ತು ಐದು ವರ್ಷದಿಂದ ಅದೇ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಟೈಪು ಮಾಡುತ್ತಿದ್ದ ನಾನು. ವಿಭಾಗದ ಮುಖ್ಯಸ್ಥರು ಬಸವಲಿಂಗ ಸರ್ ಬುಧವಾರ ಮತ್ತು ಶನಿವಾರ ಕಲಬುರಗಿಯಿಂದ ಬರುತ್ತಿದ್ದರು. ಉಳಿದ ದಿನ ಆ ಕೋಣೆಯಲ್ಲಿ ನಾನೊಬ್ಬಳೇ. ಬಾಗಿಲ ಹೊರಗೆ ಸ್ಟೂಲಿನ ಮೇಲೆ ಜವಾನ ಅಬ್ದುಲ್ ಗನಿ ಚಾಚಾ ಇರುತ್ತಿದ್ದರು. ಬೋರ್ಡು ಹಾಕಿದ ದಿನ ಅವರು ಅದನ್ನು ತಲೆ ಎತ್ತಿ ನೋಡಿ, "ಮೇಡಂ, ಇಲ್ಲಿಂದ ಚಿಂಚೋಳಿಗಿ ಬಸ್ ಸಿಗೂದೇ ಕಷ್ಟ ಅದ. ನೀವು ನೋಡಿದ್ರ ವಿಮಾನ ಹತ್ತಸ್ಲಾಕ ಹತ್ತೀರಿ" ಎಂದಿದ್ದರು.

ನಾನು ಶಹಾಬಾದದವಳು. ಹಗಲು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಗಡಿಯಲ್ಲಿ ಬಿಲ್ಲು ಬರೆದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದೆ. ಸಂಜೆ ಕಾಲೇಜಿನಲ್ಲಿ ಕಲಿತವರಿಗೆ ಒಂದು ಅಂಜಿಕೆ ಉಳಿದುಬಿಡುತ್ತದೆ. ಹಗಲು ಕಲಿತವರಿಗೆಲ್ಲ ಗೊತ್ತಿರುವ ಯಾವುದೋ ಒಂದು ಪಾಠ ನಮಗೆ ತಪ್ಪಿಹೋಗಿದೆ, ಅದು ಯಾವುದೆಂದು ನಮಗೇ ತಿಳಿದಿಲ್ಲ ಎನ್ನುವ ಅಂಜಿಕೆ. ಹಾಗಾಗಿ ನಾನು ಟೈಪು ಮಾಡಿದ್ದನ್ನು ಮೂರು ಸಲ ಓದುತ್ತೇನೆ. ಆದರೂ ಈ ವಿಭಾಗಕ್ಕೆ ಬಂದ ಹೊಸದರಲ್ಲಿ ಒಂದು ಪ್ರಮಾಣಪತ್ರದಲ್ಲಿ ಅಕ್ಷರವೊಂದು ಬಿಟ್ಟುಹೋಗಿತ್ತು. ಬಸವಲಿಂಗ ಸರ್ ಎಲ್ಲರ ಮುಂದೆಯೇ ಹೇಳಿದರು: "ಕರುಣಾ, ರಿಜಿಸ್ಟರ್‌ದಾಗ ಏನದ ಅದೇ ಹೊಡಿ. ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ. ನಿನ್ನ ಬುದ್ಧಿ ಖರ್ಚು ಮಾಡಬ್ಯಾಡ." ಅಂದಿನಿಂದ ನಾನು ಬುದ್ಧಿ ಖರ್ಚು ಮಾಡಲಿಲ್ಲ.

ಕಳೆದ ವರ್ಷ ಪೋಲೆಂಡಿನ ಒಂದು ವಿಶ್ವವಿದ್ಯಾಲಯದ ಜೊತೆ ಒಪ್ಪಂದವಾಯಿತು. ನಮ್ಮ ಕೇಂದ್ರದ ಒಬ್ಬ ವಿದ್ಯಾರ್ಥಿ ಅಲ್ಲಿ ಒಂದು ಸೆಮಿಸ್ಟರ್ ಓದಬಹುದು. ಅಲ್ಲಿಯ ಖರ್ಚೆಲ್ಲ ಅವರದೇ. ಮೊದಲ ವರ್ಷದ ಆ ಒಂದು ಸೀಟು ಭೂವಿಜ್ಞಾನದ ಲುಂಬಿನಿಗೆ ಸಿಕ್ಕಿತು. ಅವಳು ಸೇಡಂ ಹತ್ತಿರದ ಆಡಕಿಯ ಹುಡುಗಿ. ಅಪ್ಪ ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ತುಂಬುವ ಕಡೆ ಕೆಲಸ ಮಾಡುತ್ತಾನೆ, ಅವ್ವ ಯಂಕಮ್ಮ ಅಂಗನವಾಡಿಯಲ್ಲಿ ಸಹಾಯಕಿ.

ಅರ್ಜಿ ತುಂಬಲು ಬಂದವಳು ಆಮೇಲೆ ಊಟಕ್ಕೂ ಬರತೊಡಗಿದಳು. ಹಾಸ್ಟೆಲಿನಲ್ಲಿ ಇರಲಿಲ್ಲ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಕ್ಯಾಂಟೀನಿನ ಗದ್ದಲ ಅವಳಿಗೆ ಒಗ್ಗುತ್ತಿರಲಿಲ್ಲ. ಒಂದೂವರೆಗೆ ಬಾಗಿಲು ತಳ್ಳಿ ಒಳಗೆ ಬಂದು, ನನ್ನ ಡಬ್ಬಿಯನ್ನು ತಾನೇ ಬಿಚ್ಚುವಳು.

"ಅಕ್ಕಾ, ನಿನ್ನೆನೂ ಬದನಿಕಾಯಿ, ಇವತ್ತೂ ಬದನಿಕಾಯಿ. ಬದನಿಕಾಯಿ ಹೊಲ ಹಿಡದೀಯೇನ್?"

"ಒಬ್ಬಾಕಿಗಿ ಪಾವ್‌ಕಿಲೋ ತಂದ್ರ ಎರಡು ದಿನ ಬರ್ತದ, ಏನ್ ಮಾಡ್ಲಿ?"

"ಒಬ್ಬಾಕಿ ಅಂತ ಯಾಕಂತಿ? ನಾ ಇಲ್ಲೇನ್? ನಾಳಿಂದ ಅರ್ಧಕಿಲೋ ತಾ."

ನಾನು ಸೇಡಂನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೆ. ಆರು ವರ್ಷದಲ್ಲಿ ಆ ಊರಿನಲ್ಲಿ ನನ್ನನ್ನು 'ನೀ' ಎಂದು ಮಾತಾಡಿಸಿದವರು ಯಾರೂ ಇರಲಿಲ್ಲ. ಮನೆಯ ಮಾಲೀಕರು, ಕಿರಾಣಿ ಅಂಗಡಿಯವರು, ಕೇಂದ್ರದ ಹುಡುಗರು, ಎಲ್ಲರೂ "ಬರ್ರಿ ಮೇಡಂ, ಕುಂದ್ರಿ ಮೇಡಂ" ಎನ್ನುವವರೇ. ಬಸವಲಿಂಗ ಸರ್ 'ನೀ' ಎನ್ನುತ್ತಿದ್ದರು ನಿಜ, ಆದರೆ ಅದು ಬೇರೆ 'ನೀ'. ಶನಿವಾರ ಮಧ್ಯಾಹ್ನ ಕೇಂದ್ರ ಬಿಟ್ಟರೆ ಸೋಮವಾರ ಬೆಳಿಗ್ಗೆಯವರೆಗೆ ನನ್ನ ಬಾಯಿಂದ ಹತ್ತು ಮಾತು ಹೊರಬಿದ್ದರೆ ಹೆಚ್ಚು. ಇದನ್ನು ಕರುಣೆಗಾಗಿ ಬರೆಯುತ್ತಿಲ್ಲ. ಮುಂದೆ ಆದದ್ದು ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ಆಗಸ್ಟ್ ಮೊದಲ ಸೋಮವಾರ ಪೋಲೆಂಡಿನಿಂದ ಪ್ರವೇಶಪತ್ರ ಬಂತು. ಸಂಜೆ ನಾಲ್ಕಕ್ಕೆ ಅದನ್ನು ಪ್ರಿಂಟು ತೆಗೆದು, ಲುಂಬಿನಿಯ ಪಾಸ್‌ಪೋರ್ಟಿನ ಝೆರಾಕ್ಸ್ ಜೊತೆ ಇಟ್ಟು ಪಿನ್ನು ಹೊಡೆಯುವಾಗ ನನ್ನ ಕೈ ನಿಂತಿತು. ಪಾಸ್‌ಪೋರ್ಟಿನಲ್ಲಿ ಹೆಸರು ಲುಂಬಿನಿ, ಮನೆತನದ ಹೆಸರಿನ ಜಾಗದಲ್ಲಿ ಅಂಬಾರಾಯ. ಪ್ರವೇಶಪತ್ರದಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಲುಂಬಿನಿ ತಂದೆ ಅಂಬಾರಾಯ.

ನಮ್ಮ ಕಡೆ ರೇಷನ್ ಕಾರ್ಡಿನಿಂದ ಹಿಡಿದು ಶಾಲೆಯ ದಾಖಲೆಯವರೆಗೆ ಹೆಸರು ಬರೆಯುವುದೇ ಹಾಗೆ. ಮೊದಲು ಹೆಸರು, ನಡುವೆ 'ತಂದೆ', ಆಮೇಲೆ ತಂದೆಯ ಹೆಸರು. ಅರ್ಜಿಯಲ್ಲಿ ಹೆಸರಿಗೆ ಮೊದಲ, ನಡುವಿನ, ಕೊನೆಯ ಎಂದು ಮೂರು ಮನೆಗಳಿದ್ದವು. ರಿಜಿಸ್ಟರಿನಲ್ಲಿ ಮೂರು ಪದಗಳಿದ್ದವು. ನಾನು ಮೂರು ಪದಗಳನ್ನು ಮೂರು ಮನೆಗಳಲ್ಲಿ ಕೂಡಿಸಿದ್ದೆ. ಮೂರು ಸಲ ಓದಿ, ಸರಿಯಿದೆ ಎಂದು ಕಳಿಸಿದ್ದೆ.

ವೀಸಾಕ್ಕೆ ಲುಂಬಿನಿ ಬೆಂಗಳೂರಿಗೆ ಹೋಗಬೇಕಾದದ್ದು ಆಗಸ್ಟ್ ಹತ್ತೊಂಬತ್ತಕ್ಕೆ. ಎರಡು ಕಾಗದದಲ್ಲಿ ಎರಡು ಹೆಸರಿದ್ದರೆ ವೀಸಾ ಇಲ್ಲ. ಆ ದಿನ ತಪ್ಪಿದರೆ ಮತ್ತೊಂದು ದಿನ ಸಿಗುವುದು ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಅಲ್ಲಿಯ ತರಗತಿಗಳು ಶುರುವಾಗಿರುತ್ತವೆ.

ಆಗಲೇ ಯಾರಿಗಾದರೂ ಹೇಳಬೇಕಿತ್ತು. ಕಾಗದಗಳನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಮಂಗಳವಾರ ಒಂದೂವರೆಗೆ ಲುಂಬಿನಿ ಬಂದಳು. ಅವ್ವ ಪುಂಡಿಪಲ್ಯ ಕಟ್ಟಿಕೊಟ್ಟಿದ್ದಳು. ಅಲ್ಲಿ ಚಳಿಗೆ ಹೊಳೆಗಳು ಗಟ್ಟಿಯಾಗುತ್ತವಂತೆ, ಮೇಲೆ ಮಂದಿ ನಡೆಯುತ್ತಾರಂತೆ ಎಂದು ಹೇಳಿದಳು. "ನಮ್ಮ ಕಾಗಿಣಾ ಹೊಳಿ ಹಂಗ ಗಟ್ಟಿ ಆದ್ರ ಮಳಖೇಡದ ತನಕ ನಡ್ಕೊಂಡ ಹೋಗಬೌದಿತ್ತಲ್ಲಕ್ಕ" ಎಂದು ನಕ್ಕಳು. ನಾನೂ ನಕ್ಕೆ. "ಕಾಗದ ಬಂತೇನಕ್ಕಾ?" ಎಂದು ಕೇಳಿದಳು.

"ಇನ್ನೂ ಇಲ್ಲ" ಎಂದೆ.

ಆ ಎರಡು ಪದ ಹೇಗೆ ಬಂದವೋ ನನಗೆ ಗೊತ್ತಿಲ್ಲ. ಸಂಜೆ ಕೋಣೆಗೆ ಹೋಗಿ ಒಲೆ ಹಚ್ಚದೆ ಕುಳಿತೆ. ಇಷ್ಟು ಅಂಜುವ ನಾನು, ಮೂರು ಸಲ ಓದುವ ನಾನು, 'ತಂದೆ' ಎನ್ನುವುದು ಹೆಸರಲ್ಲ ಎಂದು ಕಾಣದಷ್ಟು ಕುರುಡಿಯಾಗಿದ್ದೆನೆ? ಅರ್ಜಿ ತುಂಬಿದ ದಿನವೂ ಅವಳು ನನ್ನ ಪಕ್ಕ ಕುಳಿತು ಶೇಂಗಾ ತಿನ್ನುತ್ತಿದ್ದಳು. ಅವಳು ಹೋಗುವುದು ನನಗೆ ಬೇಡವಾಗಿತ್ತೆ? ಹಾಗೆ ಯೋಚಿಸಿ ಮಾಡಿಲ್ಲ ಎಂದು ಪ್ರಮಾಣ ಮಾಡಬಲ್ಲೆ. ಯೋಚಿಸದೆ ಮಾಡಿದ್ದರೆ? ಅದಕ್ಕೆ ಪ್ರಮಾಣ ಹೇಗೆ ಮಾಡುವುದು?

ಬುಧವಾರ ಬೆಳಿಗ್ಗೆ ಆಡಕಿ ಬಸ್ಸು ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿದ್ದೆ. ಅವಳು ಇಳಿದ ಕೂಡಲೇ ಕಾಗದ ತೋರಿಸಿದೆ. ಸೋಮವಾರವೇ ಬಂದಿತ್ತು ಎಂದೂ ಹೇಳಿದೆ.

ಅವಳು ಓದಿದಳು. ಮೊದಲು ನಕ್ಕಳು. "ಅಯ್ಯ, 'ತಂದೆ'ನೂ ಹಾಕೀಯಲ್ಲಕ್ಕ! ನಾ ಅರ್ಜಿ ನೋಡ್ದಾಗ ಆಫೀಸಿನ ಪದ್ಧತಿ ಹಂಗೇ ಇರಬೇಕು ಅಂದ್ಕೊಂಡಿದ್ದೆ. ಸರಿ ಮಾಡಸ್ಲಾಕ ಬರ್ತದಲ್ಲ?"

"ಬರ್ತದ. ಲುಂಬಿನಿ, ನಾ ಬೇಕಂತ ಮಾಡಿಲ್ಲವ್ವ."

ಅವಳ ನಗು ಅಲ್ಲೇ ನಿಂತಿತು. "ಬೇಕಂತ ಮಾಡೀದಿ ಅಂತ ಯಾರಂದ್ರು?"

"ಯಾರೂ ಅಂದಿಲ್ಲ."

"ಮತ್ತ ಯಾಕ ಹೇಳ್ಲಾಕತ್ತಿ?"

ಅವಳು ಕಾಗದದ ಮೇಲಿನ ತಾರೀಖನ್ನು ನೋಡಿದಳು. "ನಿನ್ನೆ ಕೇಳ್ದಾಗ ಬಂದಿಲ್ಲ ಅಂದಿ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಪರೀಕ್ಷೆಯಲ್ಲಿ ಲೆಕ್ಕ ತಾಳೆ ನೋಡುವವರ ಹಾಗೆ ಹೇಳಿದಳು. ಆಮೇಲೆ ತರಗತಿಗೆ ಹೊತ್ತಾಯಿತೆಂದು ಹೋದಳು.

ಹನ್ನೊಂದಕ್ಕೆ ಬಸವಲಿಂಗ ಸರ್ ಬಂದರು. ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊದಲ್ನೇ ವರ್ಷಕ್ಕೇ ಇದು ಆಗಬೇಕಿತ್ತೇನು? ಆತು ಬಿಡು. ಅರ್ಜಿದಾರಳು ತಪ್ಪು ತುಂಬ್ಯಾಳ, ತಿದ್ದಿಕೊಡ್ರಿ ಅಂತ ಬರಿ."

"ಸರ್, ಅರ್ಜಿದಾರರು ಹೆಸರು ತಪ್ಪು ಕೊಟ್ರ ಸೀಟು ವಾಪಸ್ ತಗೋಬೌದು ಅಂತ ಅವರ ನಿಯಮದಾಗ ಅದರಿ."

"ಅವೆಲ್ಲ ಬರೀಲಾಕ ಬರದಿರ್ತಾರ. ತಗೋಳಂಗಿಲ್ಲ."

"ತಗೊಂಡ್ರ ಸರ್?"

"ಆಫೀಸಿನ ತಪ್ಪು ಅಂತ ಬರದ್ರ ಮುಂದಿನ ವರ್ಷ ಒಪ್ಪಂದ ಉಳೀತದೇನು? ಒಬ್ಬಾಕಿ ಸಲುವಾಗಿ ಮುಂದಿನವರದ್ದೂ ಕೆಡಸ್ತಿ?"

ಅವರ ಮಾತಿನಲ್ಲಿ ಹುರುಳಿಲ್ಲ ಎಂದು ಹೇಳಲಾರೆ. ನಾನು ನನ್ನ ಕುರ್ಚಿಗೆ ಬಂದೆ. ಪೋಲೆಂಡಿನವರಿಗೆ ಹೀಗೆ ಬರೆದೆ. 'ತಂದೆ' ಎನ್ನುವುದಕ್ಕೆ ನಮ್ಮ ಭಾಷೆಯಲ್ಲಿ ಅಪ್ಪ ಎಂದು ಅರ್ಥ, ಅದು ವಿದ್ಯಾರ್ಥಿನಿಯ ಹೆಸರಿನ ಭಾಗವಲ್ಲ, ಅರ್ಜಿ ಟೈಪು ಮಾಡಿದವಳು ನಾನು, ತಪ್ಪು ನನ್ನದು, ವಿದ್ಯಾರ್ಥಿನಿಯದಲ್ಲ. ಕೆಳಗೆ ನನ್ನ ಹೆಸರು, ಹುದ್ದೆ. ಮುಖ್ಯಸ್ಥರ ಸಹಿಗೆ ಜಾಗ.

ಸರ್ ಎರಡು ಸಲ ಓದಿದರು. "ನಿನ್ನ ಹೆಸರ್ಯಾಕ ಹಾಕ್ದಿ? ಸೆಪ್ಟೆಂಬರ್‌ದಾಗ ನಿನ್ನ ಗುತ್ತಿಗಿ ಮುಗೀತದ, ಗೊತ್ತದಿಲ್ಲೋ?"

"ಗೊತ್ತದರಿ ಸರ್. ಹೊಡದಾಕಿ ನಾನೇ ಅಲ್ರಿ."

ಅವರು ಸಹಿ ಹಾಕಿದರು. ಮೊಹರು ನಾನೇ ಒತ್ತಿದೆ. ಅದು ಸ್ವಲ್ಪ ಓರೆಯಾಯಿತು. ಇನ್ನೊಂದು ಪ್ರಿಂಟು ತೆಗೆದು ನೆಟ್ಟಗೆ ಒತ್ತಿ, ಮತ್ತೆ ಸಹಿ ಮಾಡಿಸಿ ಕಳಿಸಿದೆ.

ಆ ದಿನ ಒಂದೂವರೆಗೆ ಲುಂಬಿನಿ ಬರಲಿಲ್ಲ. ಮರುದಿನವೂ ಬರಲಿಲ್ಲ. ವೀಸಾದ ಓಡಾಟ, ಬ್ಯಾಂಕು, ಫೋಟೋ ಎಂದು ಅವಳಿಗೆ ನೂರು ಕೆಲಸವಿದ್ದವು. ಅದೇ ಕಾರಣ ಇರಬಹುದು. ಶುಕ್ರವಾರ ಬಂದದ್ದು ಅವಳ ಅಪ್ಪ ಅಂಬಾರಾಯ. ಪಾಲಕರ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕಿತ್ತು. ಮೊದಲ ಪಾಳಿ ಮುಗಿಸಿ ನೇರ ಬಂದಿದ್ದನೆಂದು ಕಾಣುತ್ತದೆ, ಕಿವಿಯ ಹಿಂದೆ ಸಿಮೆಂಟಿನ ಬೂದು ಇನ್ನೂ ಇತ್ತು. ಕುರ್ಚಿ ತೋರಿಸಿದರೆ ಮೊದಲು ಅದನ್ನು ತನ್ನ ರುಮಾಲಿನಿಂದ ಒರೆಸಿ, ಆಮೇಲೆ ಕುಳಿತ.

"ನನ್ನ ಮಗಳು ಹೇಳಿದ್ಳರಿ ಮೇಡಂ. ಲುಂಬಿನಿ ತಂದೆ ಅಂಬಾರಾಯ ಅಂತ ಹೋಗ್ಯಾದಂತ. ಅಂದ್ರ ಲುಂಬಿನಿ 'ನಾ ಅಂಬಾರಾಯನ್ನ ತಂದೆ' ಅಂದಂಗಾತಲ್ರಿ. ನನ್ನೂ ಚೀಲದಾಗ ಹಾಕ್ಕೊಂಡು ಒಯ್ತಾಳೇನ್ರಿ?"

ಹೊರಗಿನಿಂದ ಗನಿ ಚಾಚಾ, "ಐವತ್ತು ಕಿಲೋ ಚೀಲದಾಗ ನೀ ಹಿಡಸ್ತೀಯೇನೋ ಅಂಬಾರಾಯ?" ಎಂದು ಕೂಗಿದರು. ಇಬ್ಬರೂ ನಕ್ಕರು. ಅವನು ನನ್ನ ಮೇಲೆ ಸ್ವಲ್ಪವೂ ಸಿಟ್ಟಾಗಿರಲಿಲ್ಲ. ಹೋಗುವಾಗ, "ಫಿಕರ್ ಮಾಡಬ್ಯಾಡ್ರಿ, ಬರಿಯೋರ ಕೈನೇ ತಪ್ತದ. ಬರೀದೇ ಇದ್ದೋರ ಕೈ ಎಲ್ಲಿ ತಪ್ತದರಿ?" ಎಂದ. ಅವನ ಒಳ್ಳೆಯತನ ನನಗೆ ಮತ್ತಷ್ಟು ಭಾರವಾಯಿತು. ಮಗಳು ಮನೆಯಲ್ಲಿ ತಪ್ಪನ್ನಷ್ಟೇ ಹೇಳಿದ್ದಳು. ಗೇಟಿನ ಹತ್ತಿರ ನಾನು ಆಡಿದ ಮಾತನ್ನು ಹೇಳಿರಲಿಲ್ಲ.

ಹನ್ನೊಂದನೇ ತಾರೀಖು ತಿದ್ದಿದ ಪ್ರವೇಶಪತ್ರ ಬಂತು. ಜೊತೆಗೆ ಅಲ್ಲಿಯ ಅಧಿಕಾರಿ ಎರಡು ಸಾಲು ಬರೆದಿದ್ದಳು: ಇಂಥ ತಪ್ಪು ತಮ್ಮಲ್ಲೂ ಆಗುತ್ತದೆ, ಸ್ಪಷ್ಟವಾಗಿ ಬರೆದದ್ದಕ್ಕೆ ಧನ್ಯವಾದ, ಮುಂದಿನ ವರ್ಷ ಇಬ್ಬರನ್ನು ಕಳಿಸಬಹುದು. ಲುಂಬಿನಿಗೆ ಕೂಡಲೇ ಫೋನು ಮಾಡಿದೆ.

"ಹಲೋ, ಹೇಳ್ರಿ."

ನನ್ನ ನಂಬರ್ ಅವಳ ಫೋನಿನಲ್ಲಿತ್ತು. ಕಾಗದ ಬಂದಿದೆ ಎಂದೆ. "ಭಾಳ ಉಪಕಾರ ಆತ್ರಿ, ನಾಳಿ ಬಂದು ತಗೋತೀನ್ರಿ" ಎಂದಳು. ಬಸ್ಸಿನಲ್ಲಿ ಮಂದಿಯ ನಡುವೆ ಇದ್ದಿರಬಹುದು.

ವೀಸಾ ಆಯಿತು. ಸೆಪ್ಟೆಂಬರ್ ಕೊನೆಗೆ ಹೈದರಾಬಾದಿನಿಂದ ವಿಮಾನ. ನನ್ನ ಗುತ್ತಿಗೆಯನ್ನು ಆರು ತಿಂಗಳಿಗೆ ಮುಂದುವರಿಸಿದರು, ಒಂದು ವರ್ಷಕ್ಕಲ್ಲ. ಹೊರಡುವ ಮುಂಚಿನ ದಿನ ಲುಂಬಿನಿ ಇಬ್ಬರು ಗೆಳತಿಯರ ಜೊತೆ ಕೊನೆಯ ಮೊಹರಿಗೆ ಬಂದಳು. ಹೊಸ ಸ್ವೆಟರ್ ಕೈಯಲ್ಲಿತ್ತು. ನಾನು ಎಲ್ಲ ಕಾಗದಗಳನ್ನು ಒಂದೊಂದಾಗಿ ತೋರಿಸಿ, ಕಡತದಲ್ಲಿಟ್ಟು ಕೊಟ್ಟೆ. ಹೆಸರನ್ನು ಪ್ರತಿ ಹಾಳೆಯಲ್ಲೂ ಬೆರಳಿಟ್ಟು ಓದಿದೆ. ಅವಳೂ ಬೆರಳಿಟ್ಟು ಓದಿದಳು. ಅವಳು ಓದಿ ನೋಡಿದ್ದು ಸರಿಯೇ. ನಾನೇ ಅವಳಿಗೆ ಹಾಗೆ ಕಲಿಸಬೇಕಿತ್ತು.

ಎರಡು ತಿಂಗಳಿನಿಂದ ಒಂದು ಮಾತು ಕಟ್ಟಿಟ್ಟುಕೊಂಡಿದ್ದೆ. ನೀನು ಹೋಗುವುದು ನನಗೆ ಕಷ್ಟವಾಗಿತ್ತು, ಆದರೂ ಬೇಕೆಂದು ಮಾಡಿಲ್ಲ, ಅನಿಸುತ್ತದೆ. 'ಅನಿಸುತ್ತದೆ' ಎನ್ನುವುದನ್ನು ಬಿಟ್ಟರೆ ಆ ಮಾತು ಸುಳ್ಳಾಗುತ್ತಿತ್ತು, ಸೇರಿಸಿದರೆ ಹೇಳಲು ಬರುತ್ತಿರಲಿಲ್ಲ. ಗೆಳತಿಯರು ಬಾಗಿಲಲ್ಲಿ ಕಾಯುತ್ತಿದ್ದರು.

"ಬರ್ತೀನ್ರಿ ಮೇಡಂ" ಎಂದು ಲುಂಬಿನಿ ಬಗ್ಗಿ ನನ್ನ ಕಾಲು ಮುಟ್ಟಿದಳು.

"ಹೋಗಿ ಬಾರವ್ವ" ಎಂದೆ.

ಅವರು ಗೇಟು ದಾಟುವವರೆಗೆ ಗನಿ ಚಾಚಾ ನೋಡುತ್ತ ನಿಂತಿದ್ದರು. ಆಮೇಲೆ ಒಳಗೆ ಇಣುಕಿ ಖುಷಿಯಿಂದ ಹೇಳಿದರು: "ನೋಡ್ರಿ ಮೇಡಂ, ಮೊದಲು ನಿಮಗ ನೀ, ತಾ, ಅಂತ ಒದರ್ತಿದ್ಳು. ಹೊರದೇಶಕ್ಕ ಹೊಂಟ ಮ್ಯಾಲ ಎಷ್ಟು ಮರ್ಯಾದಿ ಕಲ್ತಾಳ ಪೋರಿ!"

"ಹೌದು ಚಾಚಾ, ಕಲ್ತಾಳ" ಎಂದೆ.