ಏನು ಬೇಕು ಅಜ್ಜಾ?

ನಾಮ್ ಪೆನ್ ನಗರದ ಹೊರವಲಯದ ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಹೆಂಗಸರು ಎಚ್ಚರ ತಪ್ಪಿ ಬಿದ್ದಾಗಲೆಲ್ಲ, ಆ ನೆಲ ಕಾಯುವ ದೈವ, ಅಜ್ಜ, ನನ್ನ ಮೈಮೇಲೆ ಬರುತ್ತಿದ್ದ. ಮ್ಯಾನೇಜರ್ ಕೂಡ ಕೈಮುಗಿದು ನಿಲ್ಲಬೇಕು. "ಏನು ಬೇಕು ಅಜ್ಜಾ?" ಎಂದರೆ ಸುಟ್ಟ ಕೋಳಿ, ಬಾಳೆಹಣ್ಣು, ಅಕ್ಕಿ ಹೆಂಡ ಎನ್ನುತ್ತಿದ್ದೆ. ಸಾರೋಮಕ್ಕ ಎಂಬ ನನ್ನನ್ನು ಕಂಡರೆ ಆರು ವರ್ಷ ಎಲ್ಲರಿಗೂ ಭಯಭಕ್ತಿ.

ಆಮೇಲೆ ಹೊಸ ಕಾಯ್ದೆ ಬಂತು. ಕೆಲಸಗಾರರೇ ಆರಿಸಿದ ಒಬ್ಬರು ಸುರಕ್ಷತೆ ನೋಡಿಕೊಳ್ಳಬೇಕಂತೆ. ಎಲ್ಲರ ಕೈ ಎದ್ದದ್ದು ಕುಂಥಿಯಾಗೆ. ಬಂದು ಎರಡೇ ತಿಂಗಳಾಗಿದ್ದ, ಗುಂಡಿ ಹಚ್ಚುವವಳು! ಎದೆಯ ಮೇಲೆ ಹಸಿರು ಬಿಲ್ಲೆ, ಕೈಯಲ್ಲಿ ಸೆಕೆ ಅಳೆಯುವ ಕಡ್ಡಿ. ಈಗ ಯಾರಿಗೆ ತಲೆ ಸುತ್ತಿದರೂ "ಕುಂಥಿಯಾನ ಕರೀರೇ" ಅನ್ನುತ್ತಾರೆ. ನನ್ನ ಹೊಟ್ಟೆ ಉರಿದುಹೋಯಿತು. ಸುಳ್ಳೇಕೆ ಹೇಳಲಿ, ಅವಳು ನಕ್ಕರೂ ನನಗಾಗುತ್ತಿರಲಿಲ್ಲ.

ಸರ್ಕಾರದ ಅಧಿಕಾರಿ ತಪಾಸಣೆಗೆ ಬಂದ ದಿನ ಅವಳು ಕಡ್ಡಿ ತೋರಿಸಿದಳು. "ಮೂವತ್ತೊಂಬತ್ತು ಡಿಗ್ರಿ ಸಾರ್. ಫ್ಯಾನ್ ಹಾಕಿಸ್ಬೇಕು ಅಂತ ಬರ್ಕೊಳ್ಳಿ."

ಅಷ್ಟರಲ್ಲಿ ನನ್ನ ಪಕ್ಕದ ಯಂತ್ರದ ಸೋಫಲ್ ಧೊಪ್ಪನೆ ಬಿದ್ದಳು. ನನಗೆ ಅಷ್ಟೇ ಬೇಕಾಗಿತ್ತು. ಕೂದಲು ಬಿಚ್ಚಿ ಕುಣಿದೆ. ಅವತ್ತು ಅಜ್ಜ ಬಂದಿರಲಿಲ್ಲ. ಮೈಮೇಲೆ ಬಂದದ್ದು ಹೊಟ್ಟೆಕಿಚ್ಚು.

"ಈ ಕುಂಥಿಯಾ ನನ್ನ ಕೇಳ್ದೆ ನನ್ನ ನೆಲದ ಸೆಕೆ ಅಳೀತಾಳೆ! ಓಡ್ಸಿ ಇವಳನ್ನ!" ಎಂದು ಅಜ್ಜನ ದನಿಯಲ್ಲಿ ಅರಚಿದೆ.

ಮ್ಯಾನೇಜರ್ ಮುಖ ಅರಳಿತು. "ನೋಡಿದ್ರಾ ಸಾರ್? ಸೆಕೆಯೂ ಇಲ್ಲ ಎಂಥದೂ ಇಲ್ಲ, ಅಜ್ಜನ ಸಿಟ್ಟು. ಹಂಗೇ ಬರ್ಕೊಳ್ಳಿ. ಏಯ್, ಯಾರಲ್ಲಿ, ಒಂದು ಕೋಳಿ ತನ್ನಿ!"

ಅಧಿಕಾರಿ ಬರೆಯುತ್ತಿದ್ದುದನ್ನು ನಿಲ್ಲಿಸಿದ.

ಕುಂಥಿಯಾ ನನ್ನೆದುರು ಮಂಡಿಯೂರಿ ಕೈಮುಗಿದಳು. ಅಣಕವೇ ಎಂದು ನೋಡಿದೆ. ಅವಳ ಕಣ್ಣು ತುಂಬಿತ್ತು. "ಹೋಗು ಅಂದ್ರೆ ಹೋಗ್ತೀನಿ ಅಜ್ಜಾ. ಒಂದೇ ಒಂದು ಹೇಳು. ನಿನಗೂ ಸೆಕೆ ಆಗ್ತಿದೆಯಾ? ಮೈಯೆಲ್ಲ ಬೆವೆತು ತೊಪ್ಪೆ ಆಗಿದೆಯಲ್ಲ."

ಇನ್ನೂರು ಹೆಂಗಸರು ನನ್ನ ಬಾಯನ್ನೇ ನೋಡುತ್ತಿದ್ದರು. ಸೋಫಲ್ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಆಗ್ತಿದೆ," ಅಂದೆ. "ಕೋಳಿ ಬೇಡ. ಫ್ಯಾನ್ ಹಾಕ್ಸಿ."

ಅಧಿಕಾರಿ ಬರೆದುಕೊಂಡ. ಮುಂದಿನ ತಿಂಗಳು ಸಾಲಿಗೆ ನಾಲ್ಕರಂತೆ ಫ್ಯಾನು ಬಂದವು. ಎಲ್ಲರೂ ಹೊಗಳುವುದು ಕುಂಥಿಯಾನನ್ನೇ. ತಣ್ಣನೆ ಗಾಳಿಯಲ್ಲಿ ಕೂತರೂ ನನ್ನ ಹೊಟ್ಟೆಯ ಉರಿ ಆರಿಲ್ಲ. ಎರಡೇ ತಿಂಗಳಲ್ಲಿ ಅವಳಿಗೆ ಹೊಳೆದದ್ದು ನನಗೇಕೆ ಹೊಳೆಯಲಿಲ್ಲ? ಆರು ವರ್ಷ ಮ್ಯಾನೇಜರೇ ಕೈಮುಗಿದು ಏನು ಬೇಕು ಎಂದು ಕೇಳುತ್ತಿದ್ದ.

ನಾನು ಕೋಳಿ ಕೇಳಿದೆ.