ದೊಡ್ಡಕ್ಕನ ಸ್ಟೂಲು

"ಏಳೇ ಮುದಿ ಗೂಬೆ! ಕುಂಡಿ ಊರೋಕೆ ಇದೇನು ನಿಮ್ಮಪ್ಪನ ಮನೆ ಅಂದ್ಕೊಂಡ್ಯಾ?"

ಮೇಸ್ತ್ರಿ ಒದ್ದ ರಭಸಕ್ಕೆ ಸ್ಟೂಲು ಒಂದು ಕಡೆ ಉರುಳಿತು, ಅದರ ಮೇಲೆ ಕೂತಿದ್ದ ದೊಡ್ಡಕ್ಕನ ಓರಗಿತ್ತಿ ಇನ್ನೊಂದು ಕಡೆ. ಸ್ಟೂಲೂ ದೊಡ್ಡಕ್ಕನದೇ, ಮನೆಯಿಂದ ತಲೆಯ ಮೇಲೆ ಹೊತ್ತು ತಂದದ್ದು. ಓರಗಿತ್ತಿಯ ಕಾಲುಗಳು ಕುಂಬಳಕಾಯಿಯಂತೆ ಊದಿಕೊಂಡಿದ್ದವು. ಕೆಲಸದ ನಡುವೆ ಇನ್ನೊಂದು ಸಲ ಕುಸಿದರೆ ಮನೆಗೆ ಕಳಿಸುತ್ತೇನೆಂದು ಮೇಸ್ತ್ರಿ ಮೊನ್ನೆಯೇ ಹೇಳಿದ್ದ. ಕೂತರೂ ತಪ್ಪು, ಬಿದ್ದರೂ ತಪ್ಪು. ನಿಂತೇ ಸಾಯುವುದಕ್ಕೆ ಮಾತ್ರ ಅಲ್ಲಿ ಯಾರ ಅಡ್ಡಿಯೂ ಇರಲಿಲ್ಲ.

ಅದು ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟು ಒಗೆಯುವ ಲಾಂಡ್ರಿ. ಗೋಡೆಯಾಚೆ ಗಂಡಸರು ಒದ್ದೆ ಶೀಟನ್ನು ಯಂತ್ರದ ಬಾಯಿಗೆ ಕೊಟ್ಟರೆ ಈಚೆ ಅದು ಒಣಗಿ, ಇಸ್ತ್ರಿಯಾಗಿ, ಸುಡುತ್ತ ಬಂದು ಬೀಳುತ್ತಿತ್ತು. ಮಡಚುವವರು ವಯಸ್ಸಾದ ಹೆಂಗಸರು. ಒಂದು ಶೀಟಿಗೆ ಇಬ್ಬರು, ಆ ತುದಿಗೊಬ್ಬಳು, ಈ ತುದಿಗೊಬ್ಬಳು. ಒಟ್ಟಿಗೆ ಎಳೆಯಬೇಕು, ಒಟ್ಟಿಗೆ ನಡೆದು ಬಂದು ತುದಿ ಸೇರಿಸಬೇಕು. ದೊಡ್ಡಕ್ಕ "ಹೂಂ" ಅಂದರೆ ಇಡೀ ಸಾಲು ಎಳೆಯುತ್ತಿತ್ತು. ಅವಳು ಯಾರಿಗೂ ಬುದ್ಧಿ ಹೇಳಿದವಳಲ್ಲ. "ಹೂಂ" ಅನ್ನುವಳು, ಅಷ್ಟೆ.

"ಸ್ಟೂಲು ಕೊಡಪ್ಪ," ಅಂದಳು ದೊಡ್ಡಕ್ಕ. "ಸರದಿ ಮೇಲೆ ಒಂದ್ಗಳಿಗೆ ಕೂತು ಏಳ್ತೀವಿ."

"ಹಲ್ಲು ಉದುರಿದ್ರೂ ನಾಲಿಗೆ ಉದುರಿಲ್ಲ ನೋಡು ಇದಕ್ಕೆ!" ಮೇಸ್ತ್ರಿ ಸ್ಟೂಲನ್ನು ಎತ್ತಿಕೊಂಡೇ ಹೋದ.

ಮಧ್ಯಾಹ್ನ ಊಟದ ಹೊತ್ತಿಗೆ ಹೆಂಗಸರ ಭಾಗ್ಯದ ಬಾಗಿಲು ತೆರೆಯಿತು. ಐವತ್ತು ದಾಟಿದವರಲ್ಲಿ ಆತ್ಮವಿಶ್ವಾಸ ತುಂಬಿ, ಅವರನ್ನು ನಾಯಕಿಯರನ್ನಾಗಿ ಮಾಡಲು ಧಣಿಗಳು ತರಬೇತಿಯ ಮೇಡಂ ಒಬ್ಬರನ್ನು ಕರೆಸಿದ್ದರು. ಹೊಟ್ಟೆ ತುಂಬಿಸುವ ಹೊತ್ತಿನಲ್ಲಿ ವಿಶ್ವಾಸ ತುಂಬಿಸಿದರೆ ಕೆಲಸದ ಹೊತ್ತು ಹಾಳಾಗುವುದಿಲ್ಲವಲ್ಲ! ಧಣಿಗಳು ಕುರ್ಚಿಯಲ್ಲಿ, ಮೇಡಂ ಕುರ್ಚಿಯಲ್ಲಿ, ಮೇಡಂ ಅವರ ಕೈಚೀಲ ದೊಡ್ಡಕ್ಕನ ಸ್ಟೂಲಿನ ಮೇಲೆ. ನಾಯಕಿಯರಾಗಬೇಕಾದವರು ನಿಂತಿದ್ದರು.

"ಅಮ್ಮಂದಿರೇ, ಈ ವಯಸ್ಸಲ್ಲೂ ನಮ್ಮ ಕಾಲ ಮೇಲೆ ನಾವು ನಿಲ್ಲಬೇಕು!" ಎಂದರು ಮೇಡಂ.

"ಬೆಳಿಗ್ಗೆಯಿಂದ ಇನ್ನೇನು ಕಿಸೀತಾ ಇದೀವಂತೆ," ಎಂದು ಓರಗಿತ್ತಿ ಗೊಣಗಿದಳು.

"ಎಲ್ಲರೂ ಜೋರಾಗಿ ಹೇಳಿ, ನಾನು ನಾಯಕಿ!"

ಹೆಂಗಸರು ದೊಡ್ಡಕ್ಕನ ಮುಖ ನೋಡಿದರು. ಅವಳು ಬಾಯಿ ಬಿಡಲಿಲ್ಲ. ಹಾಗಾಗಿ ಯಾರೂ ಬಿಡಲಿಲ್ಲ.

"ಪಾಪ, ಆತ್ಮವಿಶ್ವಾಸ ಸ್ವಲ್ಪ ಕಮ್ಮಿ," ಎಂದು ಮೇಡಂ ಧಣಿಗಳ ಕಡೆ ತಿರುಗಿದರು.

"ಕುರಿ ಮಂದೆ ಮೇಡಂ, ಕುರಿ ಮಂದೆ," ಎಂದು ಧಣಿಗಳು ಉದಾರವಾಗಿ ನಕ್ಕರು.

ಊಟದ ಹೊತ್ತು ಮುಗಿಯಿತು. ಬುತ್ತಿ ಬಿಚ್ಚಿರಲಿಲ್ಲ. ಧಣಿಗಳೂ ಮೇಡಂ ಅವರೂ ಚಹಾ ಕುಡಿಯುತ್ತಿರುವಾಗಲೇ ಯಂತ್ರ ಗುರುಗುಟ್ಟಿತು. ಶೀಟಿನ ತುದಿ ಹಿಡಿದಿದ್ದ ಓರಗಿತ್ತಿ ಗೋಡೆಗೆ ಒರಗಿದಳು.

"ಅಕ್ಕಾ, ನನ್ ಕೈಲಾಗಲ್ಲ ಕಣಕ್ಕಾ. ಬಿದ್ರೆ ಕಳಿಸಿಬಿಡ್ತಾನೆ."

ದೊಡ್ಡಕ್ಕ ಹಿಡಿದ ತುದಿಯನ್ನು ಹಾಗೇ ನೆಲಕ್ಕೆ ಬಿಟ್ಟಳು. ನೆಟ್ಟಗೆ ಹೋಗಿ ಕೈಚೀಲವನ್ನೆತ್ತಿ ಮೇಡಂ ಅವರ ಮಡಿಲಲ್ಲಿಟ್ಟಳು. ಸ್ಟೂಲು ತಂದು ಓರಗಿತ್ತಿಯನ್ನು ಕೂರಿಸಿದಳು. ಆಮೇಲೆ ತಾನೂ ಪಕ್ಕದಲ್ಲಿ ನೆಲಕ್ಕೆ ಕೂತು, ಕಾಲು ಚಾಚಿ, "ಹೂಂ" ಅಂದಳು.

ಇಡೀ ಸಾಲು ಕೂತಿತು.

"ಏಳ್ರೇ ಬೇವರ್ಸಿಗಳಾ! ಒಬ್ಬೊಬ್ಬಳನ್ನೂ ಮನೆಗೆ ಕಳಿಸ್ತೀನಿ!" ಎಂದು ಮೇಸ್ತ್ರಿ ಅರಚಿದ.

"ಕಳ್ಸಪ್ಪ," ಅಂದಳು ದೊಡ್ಡಕ್ಕ, ಬುತ್ತಿ ಬಿಚ್ಚುತ್ತ. "ಉಂಡು ಹೋಗ್ತೀವಿ."

ಯಂತ್ರಕ್ಕೆ ಇದೊಂದೂ ತಿಳಿಯದು. ಒಂದರ ಮೇಲೊಂದು ಶೀಟು ಬಂದು ನೆಲಕ್ಕೆ ಬೀಳತೊಡಗಿತು. ಧಣಿಗಳು ಕೂಗಾಡಿದರು. ಮೇಸ್ತ್ರಿ ಓಡಿ ಹೋಗಿ ಒಂದರ ತುದಿ ಹಿಡಿದ, ಸುಟ್ಟುಕೊಂಡ, ಕೈ ಬದಲಿಸಿ ಮತ್ತೆ ಹಿಡಿದ. ಹಿಡಿದುಕೊಂಡು ಸಾಲಿನ ಕಡೆ ನೋಡಿದ. ಹೆಂಗಸರು ಉಣ್ಣುತ್ತಿದ್ದರು. ಶೀಟಿನ ಇನ್ನೊಂದು ತುದಿ ನೆಲದ ಕೊಳೆಯಲ್ಲಿ ಬಿದ್ದಿತ್ತು.